ಎಡಕ್ಕೆ ಎಳೆಯುವ ಕಾರು

ಮಾವನ ಫೋನು ಬಂದಾಗ ನಾನು ಬೆಳಗಿನ ಸ್ಟ್ಯಾಂಡ್‌ಅಪ್ ಕಾಲಿನಲ್ಲಿದ್ದೆ. ಮ್ಯೂಟ್ ಮಾಡಿ ಎತ್ತಿದೆ. "ಲೇ, ಗಾಡೀನ ಗುಜರಿಗೆ ಹಾಕ್ಬಿಡೋಣ ಅಂತಿದೀನಿ. ನಿಮ್ ಮೊಬೈಲಲ್ಲಿ ಅದೇನೋ ಆಪ್ ಇರ್ತವಲ್ಲ, ಯಾರು ತಗೋತಾರೆ ನೋಡು" ಅಂದರು. ಕಾರಣ ಕೇಳಿದರೆ, 25 ವರ್ಷದ ಗಾಡಿ, ರಿಜಿಸ್ಟ್ರೇಷನ್ ಮತ್ತೆ ರಿನ್ಯೂ ಮಾಡಿಸಬೇಕು, ಮೊದಲು 600 ಇದ್ದ ಫೀಸು 2022ರ ಏಪ್ರಿಲಿಂದ 5000 ಆಗಿತ್ತು, ಅಷ್ಟು ಕೊಟ್ಟು ಯಾಕೆ ಇಟ್ಕೋಬೇಕು, ಅಂದರು. ಲೆಕ್ಕ ಸರಿಯಾಗೇ ಇತ್ತು. ಆದರೆ ಮಾವ ಲೆಕ್ಕ ಹೇಳೋ ದನಿ ಅದಾಗಿರಲಿಲ್ಲ.

ನನ್ನ ಸೋದರಮಾವ ತುರುವೇಕೆರೆ ಕಡೆಯಿಂದ ಐಟಿಐ ಮುಗಿಸಿಕೊಂಡು ಪೀಣ್ಯಕ್ಕೆ ಬಂದಿದ್ದು 1984ರಲ್ಲಿ. ಒಂದು ಶೆಡ್ಡಿನ ಕಾರ್ಖಾನೆಯಲ್ಲಿ ಟರ್ನರ್ ಆಗಿ ಸೇರಿ, ಟೂಲ್‌ರೂಮಿನಲ್ಲಿ ರಿಟೈರ್ ಆದವರು. ನಾನು ಬಿಇ ಓದಿದ ನಾಲ್ಕೂ ವರ್ಷ ಟಿ. ದಾಸರಹಳ್ಳಿಯ ಅವರ ಎರಡು ರೂಮಿನ ಮನೆಯಲ್ಲೇ ಇದ್ದೆ. 1998ರ ಮಾಡೆಲ್ಲಿನ ಮಾರುತಿ 800ನ್ನು ಅವರು 2003ರಲ್ಲಿ ಸೆಕೆಂಡ್ ಹ್ಯಾಂಡ್ ತಗೊಂಡಾಗ, ನಮ್ಮ ಇಡೀ ವಂಶಕ್ಕೆ ಅದೇ ಮೊದಲ ಕಾರು. ನಾನು ಗೇರು ಹಾಕೋದು ಕಲಿತದ್ದು ಅದರಲ್ಲೇ. ಹಾಗಾಗಿ ಆಪ್ ನೋಡೋ ಬದಲು ಭಾನುವಾರ ಹೋಗಿ ಗಾಡಿಯನ್ನು ವೈಟ್‌ಫೀಲ್ಡಿಗೆ ತಂದುಬಿಟ್ಟೆ. ಒಂದು ವಾರ ಓಡಿಸಿ, ನೋಡಿ, ಆಮೇಲೆ ಮಾರೋಣ ಅಂತ.

ಮಾರತ್ತಹಳ್ಳಿ ದಾಟುವ ಹೊತ್ತಿಗೆ ಗೊತ್ತಾಯ್ತು. ಸ್ಟೀರಿಂಗ್ ಸ್ವಲ್ಪ ಸಡಿಲ ಬಿಟ್ಟರೆ ಸಾಕು, ಕಾರು ಎಡಕ್ಕೆ ಹೋಗುತ್ತೆ. ಮೊದಲು ರಸ್ತೆಯದೇ ತಪ್ಪು ಅಂದುಕೊಂಡೆ. ಮಳೆ ನೀರು ಹರಿದುಹೋಗಲಿ ಅಂತ ನಮ್ಮ ರಸ್ತೆಗಳನ್ನು ನಡುವೆ ಉಬ್ಬಿಸಿ ಅಂಚಿಗೆ ಇಳಿಜಾರು ಕೊಟ್ಟಿರ್ತಾರೆ. ಎಡಗಡೆ ಓಡಿಸೋ ದೇಶದಲ್ಲಿ ಎಲ್ಲ ಕಾರೂ ಒಂಚೂರು ಎಡಕ್ಕೆ ಜಾರುತ್ತೆ. ಆದರೆ ಇದು ಒಂಚೂರಲ್ಲ. ಮನೆ ಮುಂದೆ ಬಗ್ಗಿ ನೋಡಿದರೆ ಮುಂದಿನ ಎಡ ಟೈರಿನ ಒಳ ಅಂಚು ಬೋಳಾಗಿತ್ತು. ಬೆರಳಾಡಿಸಿದರೆ ಒಂದು ದಿಕ್ಕಿಗೆ ನುಣುಪು, ಇನ್ನೊಂದು ದಿಕ್ಕಿಗೆ ಗರಗಸ.

ಫೋನ್ ಮಾಡಿ ಕೇಳಿದೆ. "ಮಾವ, ಗಾಡಿ ಎಡಕ್ಕೆ ಎಳೀತಿದೆ, ನಿಮಗೆ ಗೊತ್ತಾ?"

ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ನಿನಗೂ ಎಳೀತಾ?" ಅಂದರು.

ವಿಷಯ ಏನಪ್ಪಾ ಅಂದರೆ, 2021ರ ಮಳೆಗಾಲದಲ್ಲಿ ಅವರಿಗೆ ಸಣ್ಣದೊಂದು ಸ್ಟ್ರೋಕ್ ಆಗಿತ್ತು. ಬಲಗೈ ಕೆಲ ವಾರ ಸೋತಿತ್ತು. ಫಿಸಿಯೋಥೆರಪಿ ಆಗಿ, ಡಾಕ್ಟರು ಪರೀಕ್ಷೆ ಮಾಡಿ ಕಾರು ಓಡಿಸಬಹುದು ಅಂದಮೇಲೇ ಮತ್ತೆ ಸ್ಟೀರಿಂಗ್ ಹಿಡಿದದ್ದು. ಆವತ್ತಿಂದ ಕಾರು ಎಡಕ್ಕೆ ಹೋಗ್ತಿತ್ತಂತೆ. ಬಲಗೈ ಬಲ ಬಂದಿಲ್ಲ, ಎಡಗೈ ಭಾರಕ್ಕೆ ಸ್ಟೀರಿಂಗ್ ಎಡಕ್ಕೆ ತಿರುಗ್ತಿದೆ ಅಂತ ಅವರು ತೀರ್ಮಾನಿಸಿಬಿಟ್ಟಿದ್ದರು. ಅತ್ತೆಗೂ ಹೇಳಿರಲಿಲ್ಲ. ಒಂದೂವರೆ ವರ್ಷ, ತಿಂಗಳಿಗೆರಡು ಸಲ ಊರಿಗೆ ಹೋಗಿಬರುವಾಗೆಲ್ಲ, ಒಳಗೊಳಗೇ ಬಲಕ್ಕೆ ಎಳೆದು ಹಿಡಿದುಕೊಂಡೇ ಓಡಿಸಿದ್ದಾರೆ.

ಮಾರನೇ ದಿನವೇ ರಿಂಗ್ ರೋಡಿನ ಒಂದು ದೊಡ್ಡ ಟೈರ್ ಅಂಗಡಿಗೆ ಹೋದೆ. ಎಸಿ ವೇಟಿಂಗ್ ರೂಮು, ಕಾಫಿ ಮೆಷಿನ್ನು. ನಾಲ್ಕೂ ಚಕ್ರಕ್ಕೆ ಚುಕ್ಕಿಚುಕ್ಕಿಯ ಫಲಕ ಸಿಕ್ಕಿಸಿ, ಎದುರಿನ ಕ್ಯಾಮೆರಾದಿಂದ ಅಳೆದು, ಇಪ್ಪತ್ತೇ ನಿಮಿಷದಲ್ಲಿ ಪ್ರಿಂಟ್‌ಔಟ್ ಕೊಟ್ಟರು. ಎಲ್ಲ ಅಂಕಿಯೂ ಹಸಿರು. ಖುಷಿಯಾಗಿ ಹೊರಗೆ ಬಂದು ಮೊದಲ ಸಿಗ್ನಲ್ಲಿನಲ್ಲಿ ಬ್ರೇಕ್ ಒತ್ತಿದೆ, ಕಾರು ಎಡಕ್ಕೆ ಹೋಯ್ತು. ಟೆಸ್ಟ್ ಕೇಸೆಲ್ಲ ಪಾಸಾಗಿ ಪ್ರೊಡಕ್ಷನ್ನಿನಲ್ಲಿ ಬಿದ್ದುಹೋಗೋ ಕೋಡು ನಮಗೆ ಹೊಸದಲ್ಲವಲ್ಲ. ವಾಪಸ್ ಹೋದೆ. "ಹಳೇ ಗಾಡಿ ಸಾರ್, ಇಷ್ಟೇ" ಅಂದರು.

ಆ ರಾತ್ರಿ ಪ್ರಿಂಟ್‌ಔಟ್ ಇಟ್ಟುಕೊಂಡು ಕೂತೆ. ಟೋ, ಕ್ಯಾಂಬರ್, ಕ್ಯಾಸ್ಟರ್ ಅನ್ನೋ ಮೂರು ಹೆಸರನ್ನು ಇಷ್ಟು ವರ್ಷ ಬಿಲ್ಲಿನಲ್ಲಿ ನೋಡಿದ್ದೆ, ಅರ್ಥ ಕೇಳಿರಲಿಲ್ಲ. ನಮ್ಮ ಊರಿನ ಎತ್ತಿನಗಾಡಿಯಿಂದ ಶುರು ಮಾಡಿದರೆ ಇದು ಸುಲಭ.

ಎತ್ತಿನಗಾಡಿಗೆ ಎರಡೇ ಚಕ್ರ, ಒಂದೇ ಅಚ್ಚು. ತಿರುಗಿಸೋ ಕೆಲಸ ಎತ್ತುಗಳದು. ಗುಂಬದೊಳಗೆ ಅಚ್ಚು ಸಡಿಲವಾಗಿ ಕೂತು, ಹೊರಗೆ ಕಡಾಣಿ ಹಾಕಿದರೆ ಮುಗೀತು. ಆ ಸಡಿಲಕ್ಕೇ ಚಕ್ರ ಅತ್ತಿತ್ತ ವಾಲುತ್ತಾ, ಕಬ್ಬಿಣದ ಪಟ್ಟ ರಸ್ತೆಯನ್ನು ಕೊರೆಯುತ್ತಾ ಹೋಗುತ್ತೆ. ಚಕ್ರ ತನ್ನ ದಾರಿಯಲ್ಲಿ ನೆಟ್ಟಗೆ ಉರುಳದಿದ್ದರೆ ಅದರ ಬೆಲೆಯನ್ನು ಎತ್ತು ತನ್ನ ಹೆಗಲಿನಿಂದ ಕೊಡುತ್ತೆ. ಇದನ್ನು ಗಂಭೀರವಾಗಿ ತಗೊಂಡ ಒಬ್ಬರು ನಮ್ಮ ಬೆಂಗಳೂರಿನಲ್ಲೇ ಇದ್ದರು. ಐಐಎಂ ಬೆಂಗಳೂರಿನ ಮೊದಲ ನಿರ್ದೇಶಕ ಎನ್. ಎಸ್. ರಾಮಸ್ವಾಮಿ. ಮ್ಯಾನೇಜ್‌ಮೆಂಟ್ ಕಲಿಸೋ ಸಂಸ್ಥೆಯ ದೊಡ್ಡ ಮನುಷ್ಯ ಎತ್ತಿನಗಾಡಿಯ ನೊಗ, ಅಚ್ಚು, ಚಕ್ರದ ಸುಧಾರಣೆಗೆ ವರ್ಷಗಟ್ಟಲೆ ಓಡಾಡಿದರು. ಬಹುಶಃ ನಮ್ಮ ಕಾಲದ ಯಾವ ಸ್ಟಾರ್ಟಪ್ಪಿಗೂ ಅಷ್ಟು ದೊಡ್ಡ ಮಾರುಕಟ್ಟೆ ಇರಲಿಲ್ಲ, ಅಷ್ಟು ಮಾತಿಲ್ಲದ ಗ್ರಾಹಕರೂ ಇರಲಿಲ್ಲ.

ನಾಲ್ಕು ಚಕ್ರ ಬಂದ ಕೂಡಲೇ ಕಷ್ಟ ಶುರು. ಕುದುರೆ ಸಾರೋಟಿನಲ್ಲಿ ಮುಂದಿನ ಇಡೀ ಅಚ್ಚೇ ನಡುವಿನ ಒಂದು ಮೊಳೆಯ ಮೇಲೆ ತಿರುಗ್ತಿತ್ತು. ಜೋರಾಗಿ ತಿರುಗಿಸಿದರೆ ಸಾರೋಟು ಮಗುಚುತ್ತಿತ್ತು. 1758ರ ಸುಮಾರಿಗೆ ಇಂಗ್ಲೆಂಡಿನ ಎರಾಸ್ಮಸ್ ಡಾರ್ವಿನ್ ಅನ್ನೋ ವೈದ್ಯರು (ವಿಕಾಸವಾದದ ಚಾರ್ಲ್ಸ್ ಡಾರ್ವಿನ್ನರ ತಾತ) ರೋಗಿಗಳ ಮನೆಗೆ ಸಾರೋಟಿನಲ್ಲಿ ಸುತ್ತಿ ಸುತ್ತಿ ಬೇಸತ್ತು ಒಂದು ಉಪಾಯ ಯೋಚಿಸಿದರು. ಅಚ್ಚು ತಿರುಗೋದು ಬೇಡ, ಎರಡು ತುದಿಯ ಚಕ್ರಗಳು ಮಾತ್ರ ತಿರುಗಲಿ. ಒಳಗಿನ ಚಕ್ರ ಜಾಸ್ತಿ ತಿರುಗಲಿ, ಹೊರಗಿನದು ಕಮ್ಮಿ. ಯಾಕಂದ್ರೆ ತಿರುವಿನಲ್ಲಿ ಒಳಗಿನ ಚಕ್ರದ ವೃತ್ತ ಚಿಕ್ಕದು. ಅವರು ಪೇಟೆಂಟ್ ಮಾಡಿಸಲಿಲ್ಲ. ಮುಂದೆ ಮ್ಯೂನಿಕ್ಕಿನ ಸಾರೋಟು ಕಟ್ಟುವ ಲ್ಯಾಂಕೆನ್ಸ್‌ಪೆರ್ಗರ್ ಅದನ್ನೇ ಸ್ವತಂತ್ರವಾಗಿ ಮಾಡಿದ. ಅವನ ಏಜೆಂಟನಾಗಿ 1818ರಲ್ಲಿ ಲಂಡನ್ನಿನಲ್ಲಿ ಪೇಟೆಂಟ್ ತಗೊಂಡಿದ್ದು ರುಡಾಲ್ಫ್ ಆಕರ್‌ಮನ್, ಚಿತ್ರಗಳನ್ನು ಅಚ್ಚು ಹಾಕಿ ಮಾರುವ ಅಂಗಡಿಯವನು. ಬಿಇ ಪುಸ್ತಕದಲ್ಲಿ ನಾವು ಓದಿದ ‘ಆಕರ್‌ಮನ್ ಸ್ಟೀರಿಂಗ್’ ಅವನ ಹೆಸರಿನದು. ಮಾಡಿದವನ ಹೆಸರು ಹೋಗಿ ಫೈಲ್ ಮಾಡಿದವನ ಹೆಸರು ಉಳಿಯೋದು ನಮ್ಮ ಉದ್ಯಮದಲ್ಲಿ ಶುರುವಾದದ್ದಲ್ಲ ಅಂತ ಸಮಾಧಾನ.

ಆದರೂ ಕಾರ್ಲ್ ಬೆಂಜ್ 1886ರಲ್ಲಿ ತನ್ನ ಮೊದಲ ಮೋಟಾರು ಗಾಡಿಗೆ ಮುಂದೆ ಒಂದೇ ಚಕ್ರ ಹಾಕಿದ. ಎರಡು ಚಕ್ರವನ್ನು ಸರಿಯಾಗಿ ತಿರುಗಿಸೋ ದಾರಿ ಅವನಿಗೆ ಕೈಹತ್ತಿರಲಿಲ್ಲ. ಹತ್ತಿದ್ದು 1893ರಲ್ಲಿ. ಮುಂದೆ ಒಂದೇ ಚಕ್ರ ಇದ್ದರೆ ‘ಟೋ’ ಅನ್ನೋ ಪ್ರಶ್ನೆಯೇ ಇಲ್ಲ. ಟೋ ಅಂದರೆ ಇಷ್ಟೇ: ಎರಡು ಮುಂಚಕ್ರಗಳನ್ನು ಮೇಲಿನಿಂದ ನೋಡಿದರೆ, ಅವುಗಳ ಮುಂದಿನ ಅಂಚಿನ ನಡುವಿನ ದೂರಕ್ಕೂ ಹಿಂದಿನ ಅಂಚಿನ ನಡುವಿನ ದೂರಕ್ಕೂ ಇರುವ ವ್ಯತ್ಯಾಸ. ನಾವು ನಡೆಯುವಾಗ ಪಾದ ಒಳಗೋ ಹೊರಗೋ ತಿರುಗಿರುತ್ತಲ್ಲ, ಹಾಗೆ. ಇಲ್ಲಿನ ಲೆಕ್ಕ ಮಿಲಿಮೀಟರುಗಳಲ್ಲಿ.

ಒಂದೇ ಮುಂಚಕ್ರದ ಕಾರು ಬೆಂಗಳೂರಿನಲ್ಲೂ ತಯಾರಾಗಿದೆ ಅಂದರೆ ಆಫೀಸಿನಲ್ಲಿ ಯಾರೂ ನಂಬಲಿಲ್ಲ. 1970ರ ದಶಕದ ಮಧ್ಯದಲ್ಲಿ ಸನ್‌ರೈಸ್ ಆಟೋ ಇಂಡಸ್ಟ್ರೀಸ್ ‘ಬಾದಲ್’ ಅನ್ನೋ ಮೂರು ಚಕ್ರದ, ಫೈಬರ್‌ಗ್ಲಾಸ್ ಮೈಯ, 200 ಸಿಸಿಯೂ ಇಲ್ಲದ ಎಂಜಿನ್ನಿನ ಕಾರು ಮಾಡಿತು. ಅದೇ ಕಂಪನಿ ಮುಂದೆ ಸಿಪಾನಿ ಆಟೋಮೊಬೈಲ್ಸ್ ಆಗಿ 80ರ ದಶಕದಲ್ಲಿ ಇಂಗ್ಲೆಂಡಿನ ರಿಲಯಂಟ್ ಕಿಟನ್ ಕಾರಿನ ವಿನ್ಯಾಸದ ‘ಡಾಲ್ಫಿನ್’ ತಂದಿತು. ಮಾವನಿಗೆ ಡಾಲ್ಫಿನ್ ಚೆನ್ನಾಗಿ ನೆನಪಿದೆ. "ಗುದ್ದಿದ್ರೆ ಡೆಂಟ್ ಆಗ್ತಿರ್ಲಿಲ್ಲ, ಸೀಳ್ತಿತ್ತು" ಅಂತಾರೆ. ಮಾರುತಿ ಬಂದಮೇಲೆ ಅವುಗಳ ಕಥೆ ಮುಗೀತು.

ಇದಕ್ಕೂ ಮೊದಲಿನ ಕಥೆ ಇನ್ನೂ ಹೊಟ್ಟೆ ಉರಿಸುತ್ತೆ. ನಾನು ದಿನಾ ವೈಟ್‌ಫೀಲ್ಡಿಗೆ ಹೋಗೋ ಹಳೇ ಏರ್‌ಪೋರ್ಟ್ ರಸ್ತೆಯಲ್ಲಿ ಎಚ್‌ಎಎಲ್ ಗೋಡೆ ಮುಗಿಯೋದೇ ಇಲ್ಲ, ನಿಮಗೂ ಗೊತ್ತಿರುತ್ತೆ. 1930ರ ದಶಕದಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರು ಭಾರತದಲ್ಲೇ ಕಾರು ತಯಾರಾಗಬೇಕು ಅಂತ ಯುರೋಪು, ಅಮೆರಿಕ ಸುತ್ತಿ ಯೋಜನೆ ಬರೆದರು. ಉದ್ಯಮಿ ವಾಲ್‌ಚಂದ್ ಹಿರಾಚಂದ್ ಅದನ್ನು ಕೈಗೆತ್ತಿಕೊಂಡರು. ಮೈಸೂರು ಸಂಸ್ಥಾನದಲ್ಲಿ ಆಗ ಮಿರ್ಜಾ ಇಸ್ಮಾಯಿಲರು ದಿವಾನರು, ಸಂಸ್ಥಾನಕ್ಕೂ ಮನಸ್ಸಿತ್ತು. ಯುದ್ಧದ ಕಾಲದಲ್ಲಿ ಕಾರು ಬೇಕಿಲ್ಲ ಅಂತ ಬ್ರಿಟಿಷ್ ಸರ್ಕಾರ ಬಿಡಲಿಲ್ಲ. ಅದೇ ವಾಲ್‌ಚಂದ್ ಅದೇ ಮೈಸೂರು ಸರ್ಕಾರದ ಜೊತೆ ಸೇರಿ 1940ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಶುರು ಮಾಡಿದ್ದು ಹಿಂದೂಸ್ತಾನ್ ಏರ್‌ಕ್ರಾಫ್ಟ್. ಕಾರಿನ ಕನಸು 1944ರಲ್ಲಿ ಬೊಂಬಾಯಿಯಲ್ಲಿ ಪ್ರೀಮಿಯರ್ ಆಟೋಮೊಬೈಲ್ಸ್ ಆಯ್ತು. ನಮ್ಮಪ್ಪನ ಕಾಲದ ಟ್ಯಾಕ್ಸಿ ಫಿಯೆಟ್, ಪದ್ಮಿನಿ ಎಲ್ಲ ಅಲ್ಲಿಂದ ಬಂದವು. ನಮಗೆ ವಿಮಾನ ಸಿಕ್ತು, ಅದೇನು ಕಮ್ಮಿಯಲ್ಲ ಬಿಡಿ. ಆದರೆ ಬೆಂಗಳೂರಿಗರು ಇವತ್ತು ದಿನಾ ಮೂರು ಗಂಟೆ ಕಾರಿನಲ್ಲಿ ಕೂರೋದನ್ನು ನೋಡಿದರೆ, ಕಾರು ನಮಗೆ ತೀರಿಸಬೇಕಾದ ಸಾಲ ಏನೋ ಇದೆ ಅನ್ನಿಸುತ್ತೆ.

ಕಾರು ಸಿಗದಿದ್ದರೂ ಅಳತೆ ಮಾಡೋ ಬುದ್ಧಿ ತುಮಕೂರು ರಸ್ತೆಗೆ ಸಿಕ್ತು. 1953ರಲ್ಲಿ ಜಾಲಹಳ್ಳಿಗೆ ಎಚ್‌ಎಂಟಿ ಬಂತು. 1962ರಲ್ಲಿ ಮೆಷಿನ್ ಟೂಲ್‌ಗಳಿಗೇ ಅಂತ ಈಗಿನ ಸಿಎಂಟಿಐ ಬಂತು. 70ರ ದಶಕದ ಕೊನೆಗೆ ಪೀಣ್ಯದ ಶೆಡ್ಡುಗಳು ತುಂಬತೊಡಗಿದವು. ಅದೇ ಹೊತ್ತಿಗೆ ನಗರದ ಇನ್ನೊಂದು ತುದಿಯಲ್ಲಿ ಆರ್. ಕೆ. ಬಾಳಿಗರು ಕಿಯೋನಿಕ್ಸ್‌ನಿಂದ 332 ಎಕರೆಯಲ್ಲಿ ಎಲೆಕ್ಟ್ರಾನಿಕ್ ಸಿಟಿ ಮಾಡ್ತಿದ್ದರು. ಮಾವ ಈ ತುದಿ, ನಾನು ಆ ಕಡೆಯವನು. ಅವರು ಹತ್ತು ಮೈಕ್ರಾನ್ ಹೆಚ್ಚು ಕಮ್ಮಿಯಾದರೆ ಪೀಸ್ ರಿಜೆಕ್ಟ್ ಮಾಡ್ತಿದ್ದ ಮನುಷ್ಯ. ಅಂಥವರು ತಮ್ಮ ಕೈಯನ್ನು ಮಾತ್ರ ಅಳೆಯದೇನೇ ರಿಜೆಕ್ಟ್ ಮಾಡಿದ್ದು ನನಗೆ ತಡೆಯಲಿಕ್ಕಾಗಲಿಲ್ಲ.

ಮುಂದಿನ ಭಾನುವಾರ ಇಬ್ಬರೂ ಪೀಣ್ಯ ಎರಡನೇ ಹಂತದ ಒಂದು ಗ್ಯಾರೇಜಿಗೆ ಹೋದೆವು. ಮಾವನ ವಯಸ್ಸಿನ ಮೇಸ್ತ್ರಿ. ಅಂಬಾಸಿಡರ್, ಫಿಯೆಟ್ ಕಾಲದಿಂದ ಕೈ ಕೊಳೆ ಮಾಡಿಕೊಂಡವರು. ನಾನು ಪ್ರಿಂಟ್‌ಔಟ್ ಕೊಟ್ಟೆ. ಕನ್ನಡಕ ಹಾಕಿ ಪೂರ್ತಿ ಓದಿದರು. ಬಿಸಾಕ್ತಾರೆ ಅಂದುಕೊಂಡಿದ್ದೆ. "ಮೆಷಿನ್ ಸುಳ್ಳು ಹೇಳಿಲ್ಲ ಸಾರ್. ನಿಂತಿರೋ ಗಾಡೀದು ಹೇಳದೆ ಅಷ್ಟೆ" ಅಂದರು.

ಆಮೇಲೆ ಕೆಲಸ. ಮುಂದಿನ ಭಾಗ ಜಾಕ್ ಹಾಕಿ ಎತ್ತಿ, ಚಕ್ರ ತಿರುಗಿಸುತ್ತಾ ಟೈರಿನ ಸುತ್ತ ಸೀಮೆಸುಣ್ಣ ಬಳಿದರು. ಮೊಳೆಯೊಂದನ್ನು ಅಲುಗದ ಹಾಗೆ ಹಿಡಿದು, ಚಕ್ರ ತಿರುಗಿಸಿ, ಸುಣ್ಣದ ನಡುವೆ ಕೂದಲೆಳೆಯ ಗೆರೆ ಎಳೆದರು. ಟೈರು ಎಷ್ಟೇ ಸೊಟ್ಟಗಿದ್ದರೂ ಆ ಗೆರೆ ಮಾತ್ರ ಚಕ್ರ ಉರುಳುವ ದಾರಿಯನ್ನೇ ತೋರಿಸುತ್ತೆ. ಗಾಡಿ ಇಳಿಸಿ, ಸ್ವಲ್ಪ ತಳ್ಳಿ ಕೂರಿಸಿ, ಎರಡು ಗೆರೆಗಳ ದೂರವನ್ನು ಅಚ್ಚಿನ ಎತ್ತರದಲ್ಲಿ ಮುಂದೊಮ್ಮೆ ಹಿಂದೊಮ್ಮೆ ಅಳತೆಕೋಲಿನಿಂದ ನೋಡಿದರು. ಕಂಪ್ಯೂಟರ್ ಬರೋ ಮುಂಚೆ ಎಷ್ಟೋ ಗ್ಯಾರೇಜುಗಳಲ್ಲಿ ಟೋ ನೋಡ್ತಿದ್ದದ್ದು ಇದೇ ಥರ. ಆಮೇಲೆ ಬೆಳಕಿನ ಕಿರಣ ಬಿಟ್ಟು ಅಳೆಯೋ ಯಂತ್ರಗಳು ಬಂದವು, ಕ್ಯಾಮೆರಾ ನೋಡಿ ಲೆಕ್ಕ ಹಾಕೋದು 90ರ ದಶಕದ್ದು. ಈಗ ಪುದುಚೇರಿಯಲ್ಲೇ ಅಂಥವು ತಯಾರಾಗ್ತವೆ. ಮೇಸ್ತ್ರಿಯ ಅಳತೆಗೂ ಪ್ರಿಂಟ್‌ಔಟಿಗೂ ಹೆಚ್ಚು ವ್ಯತ್ಯಾಸ ಬರಲಿಲ್ಲ.

ಆಗ ಮೇಸ್ತ್ರಿ ಕೆಳಗೆ ಮಲಗಿ, ಎಡ ಚಕ್ರದ ಕೆಳತೋಳಿನ ಹತ್ತಿರ ಕಬ್ಬಿಣದ ರಾಡು ತೂರಿಸಿ ಮೀಟಿದರು. ಮೀಟಿ ಹಿಡಿದುಕೊಂಡೇ ಹುಡುಗನಿಗೆ "ಈಗ ಅಳೆಯಪ್ಪಾ" ಅಂದರು. ಐದು ಮಿಲಿಮೀಟರ್ ಬದಲಾಗಿತ್ತು.

ಮಾರುತಿ 800ರ ಮುಂಭಾಗ ಬಹಳ ಜಾಣ, ಬಹಳ ಜಿಪುಣ. 1983ರ ಡಿಸೆಂಬರ್ 14ರಂದು ಇಂದಿರಾ ಗಾಂಧಿ ಹರ್ಪಾಲ್ ಸಿಂಗ್ ಅವರಿಗೆ ಮೊದಲ ಕಾರಿನ ಕೀಲಿ ಕೊಟ್ಟರಲ್ಲ, ಆ ಮಾಡೆಲ್ಲಿನಲ್ಲೇ ಮುಂದೆ ಮ್ಯಾಕ್‌ಫರ್ಸನ್ ಸ್ಟ್ರಟ್ ಇತ್ತು: ಸ್ಪ್ರಿಂಗು, ಶಾಕ್ ಅಬ್ಸಾರ್ಬರ್ ಎರಡೂ ಸೇರಿದ ಒಂದೇ ಕಂಬ. ಕೆಳಗೆ ಒಂದೇ ತೋಳು. ಆ ತೋಳು ಹಿಂದೆ ಮುಂದೆ ಹೋಗದ ಹಾಗೆ ಹಿಡಿಯೋ ಕೆಲಸವನ್ನು, ತಿರುವಿನಲ್ಲಿ ಗಾಡಿ ವಾಲದ ಹಾಗೆ ನೋಡಿಕೊಳ್ಳೋ ಸ್ಟೆಬಿಲೈಜರ್ ರಾಡಿಗೇ ವಹಿಸಿದ್ದಾರೆ. ಒಂದು ರಾಡು, ಎರಡು ನೌಕರಿ. ಆ ರಾಡಿನ ತುದಿಯ ರಬ್ಬರ್ ಬುಷ್ ತಿಂದುಹೋದರೆ, ಬ್ರೇಕ್ ಒತ್ತಿದಾಗ ಚಕ್ರದ ಬುಡ ಹಿಂದಕ್ಕೆ ಜರುಗುತ್ತೆ. ಟೋ ಕೆಡುತ್ತೆ, ಜೊತೆಗೆ ಕ್ಯಾಸ್ಟರ್ ಕೂಡ. ಕ್ಯಾಸ್ಟರ್ ಅಂದರೆ ಸೈಕಲ್ಲಿನ ಮುಂದಿನ ಫೋರ್ಕ್ ಓರೆಯಾಗಿರುತ್ತಲ್ಲ, ಅದು. ಕೈ ಬಿಟ್ಟರೂ ಸೈಕಲ್ ನೆಟ್ಟಗೆ ಹೋಗೋದರಲ್ಲಿ ಅದರ ಪಾಲಿದೆ. ಕಾರಿನಲ್ಲಿ ಒಂದು ಕಡೆ ಆ ಓರೆ ಕಮ್ಮಿಯಾದರೆ ಕಾರು ಆ ಕಡೆಗೇ ಎಳೆಯುತ್ತೆ. ಈ ಕಾರಿನ ಮುಂಭಾಗದಲ್ಲಿ ಸ್ಪ್ಯಾನರ್ ಹಾಕಿ ಹೊಂದಿಸಬಹುದಾದ್ದು ಟೋ ಒಂದೇ. ಕ್ಯಾಸ್ಟರು, ಕ್ಯಾಂಬರು ಕೆಟ್ಟರೆ ಹೊಂದಿಸೋದಲ್ಲ, ಸವೆದದ್ದನ್ನು ಹುಡುಕಿ ಬದಲಾಯಿಸೋದು.

ನನ್ನೊಳಗಿನ ಎಂಜಿನಿಯರು ಸುಮ್ಮನಿರಲಿಲ್ಲ, ಮೊಬೈಲ್ ತೆಗೆದು ಲೆಕ್ಕ ಹಾಕಿದೆ. ಟೈರಿನ ವ್ಯಾಸ ಸುಮಾರು ಅರ್ಧ ಮೀಟರ್, ಅಂದರೆ 500 ಮಿಲಿಮೀಟರಿಗೆ 5 ಮಿಲಿಮೀಟರ್ ಓರೆ. ನೂರಕ್ಕೆ ಒಂದು. ಕಾರು ಒಂದು ಕಿಲೋಮೀಟರ್ ಮುಂದೆ ಹೋದರೆ ಆ ಚಕ್ರ ಹತ್ತು ಮೀಟರ್ ಅಡ್ಡಡ್ಡ ಎಳೆದುಕೊಂಡು ಹೋಗಬೇಕು. ಮಾವ ವರ್ಷಕ್ಕೆ ಓಡಿಸೋದು ಸುಮಾರು 7000 ಕಿಲೋಮೀಟರ್. ಅಡ್ಡಡ್ಡ 70. ಬೆಂಗಳೂರಿಂದ ತುಮಕೂರು! ಬುಷ್ ಯಾವಾಗಲೂ ಅಷ್ಟೂ ಜರುಗೋದಿಲ್ಲ, ರಬ್ಬರೂ ಸ್ವಲ್ಪ ಬಾಗಿ ಸಹಿಸಿಕೊಳ್ಳುತ್ತೆ, ಹಾಗಾಗಿ ನಿಜವಾದ ಉಜ್ಜಾಟ ಇದಕ್ಕಿಂತ ಬಹಳ ಕಮ್ಮಿ. ಆದರೂ ಮಾವನಿಗೆ ಹೇಳಿದಾಗ ಆ ಬೋಳು ಟೈರನ್ನು ಒಂದು ಸಲ ಸವರಿದರು.

"ಇದು ಯಾವಾಗಿಂದ ಇರಬಹುದು ಮೇಸ್ತ್ರಿ?" ಅಂತ ಕೇಳಿದ್ದು ಮಾವ.

"ಫ್ಲೈಓವರ್ ಮುಚ್ಚಿದ್ರಲ್ಲ, ಆವಾಗ ಕೆಳಗಡೆ ಸರ್ವಿಸ್ ರೋಡಲ್ಲಿ ಓಡಿಸಿದ್ರಾ?"

2021ರ ಡಿಸೆಂಬರಿನಲ್ಲಿ ಕೇಬಲ್ ತೊಂದರೆಯಿಂದ ಪೀಣ್ಯ ಫ್ಲೈಓವರ್ ಮುಚ್ಚಿದ್ದರು. ಸಣ್ಣ ಗಾಡಿಗಳಿಗೆ ಬಿಟ್ಟದ್ದು ಫೆಬ್ರವರಿಯಲ್ಲಿ. ಆ ಎರಡು ತಿಂಗಳು ತುಮಕೂರು ಕಡೆಯ ಲಾರಿ, ಬಸ್ಸು, ಕಾರೆಲ್ಲ ಕೆಳಗಿನ ಗುಂಡಿಗಳಲ್ಲೇ. ಮಾವ ಡಾಕ್ಟರ್ ಒಪ್ಪಿಗೆ ಪಡೆದು ಮತ್ತೆ ಓಡಿಸಲು ಶುರು ಮಾಡಿದ್ದೂ ಸರಿಯಾಗಿ ಆಗಲೇ. ಯಾವ ಗುಂಡಿ ಅಂತ ಹೇಳೋಕಾಗಲ್ಲ. ಇಪ್ಪತ್ತಮೂರು ವರ್ಷದ ರಬ್ಬರಿಗೆ ಗುಂಡಿ ಒಂದು ನೆಪ.

ಎರಡೂ ಕಡೆ ಬುಷ್ ಹೊಸದು ಹಾಕಿ, ಟೈ ರಾಡ್ ಎಂಡಿನ ಪ್ಲೇ ನೋಡಿ, ಮತ್ತೆ ಸುಣ್ಣದ ಗೆರೆಯಲ್ಲೇ ಟೋ ಹೊಂದಿಸಿದರು. ಮುಂದಿನ ಎರಡೂ ಟೈರ್ ಹೊಸದಾದವು. ಬುಷ್ಷಿನ ದುಡ್ಡು ನಮ್ಮ ಆಫೀಸ್ ಕ್ಯಾಂಟೀನಿನ ಎರಡು ಬಿರಿಯಾನಿಗೆ ಸಮ. ರಿಂಗ್ ರೋಡಿನ ಆ ಅಂಗಡಿಯ ಹುಡುಗರ ಮೇಲೆ ನನಗೆ ಕೋಪವೇನಿಲ್ಲ, ಅವರಿಗೆ ಗಂಟೆಗೆ ಮೂರು ಗಾಡಿ ಮುಗಿಸಬೇಕು. ಆದರೆ ಅಳೆಯೋ ಮುಂಚೆ ಒಂದು ಸಲ ಮೀಟಿ ನೋಡೋಕೆ ಎರಡು ನಿಮಿಷ ಸಾಕಿತ್ತು.

ಸಂಜೆ ಮಾವನೇ ಓಡಿಸಿದರು. ನಾನು ಪಕ್ಕದಲ್ಲಿ, ಕೈ ಹ್ಯಾಂಡ್‌ಬ್ರೇಕಿನ ಹತ್ತಿರವೇ ಇಟ್ಟುಕೊಂಡು ಕೂತಿದ್ದೆ, ಸುಳ್ಳು ಯಾಕೆ ಹೇಳಲಿ. ಭಾನುವಾರ ಆದ್ದರಿಂದ ಇಂಡಸ್ಟ್ರಿಯಲ್ ಏರಿಯಾದ ಒಳರಸ್ತೆ ಖಾಲಿ. ನೆಟ್ಟಗಿನ ಜಾಗ ಬಂದಾಗ ವೇಗ ಇಳಿಸಿ, ಸ್ಟೀರಿಂಗಿನಿಂದ ಎರಡು ಕೈಯನ್ನೂ ಒಂದಿಂಚು ಮೇಲೆತ್ತಿದರು. ಮುಚ್ಚಿದ ಶೆಡ್ಡುಗಳು ಒಂದು, ಎರಡು, ಮೂರು, ನಾಲ್ಕು ಹಿಂದೆ ಹೋದವು. ಬಿಳಿ ಗೆರೆ ಬಾನೆಟ್ಟಿನ ಅದೇ ಜಾಗದಲ್ಲೇ ಇತ್ತು. ಕೈ ಮತ್ತೆ ಕೆಳಗಿಳಿಸಿದರು. ಬಲಗೈ ಬೆರಳುಗಳನ್ನು ಒಂದು ಸಲ ಮಡಚಿ, ಬಿಡಿಸಿ, ಆಮೇಲೆ ಸ್ಟೀರಿಂಗ್ ಹಿಡಿದರು.

ದಾಸರಹಳ್ಳಿ ಬರೋವರೆಗೂ ಮಾತಾಡಲಿಲ್ಲ. ಮನೆ ಮುಂದೆ ನಿಲ್ಲಿಸಿ, "ಸೋಮವಾರ ಒಂದಿನ ರಜ ಹಾಕ್ತೀಯೇನೋ? ಯಶವಂತಪುರ ಆರ್‌ಟಿಓಗೆ ಹೋಗ್ಬರೋಣ. ಫೋಟೋ, ಆಧಾರ್ ಎಲ್ಲ ಆನ್‌ಲೈನ್ ಹಾಕ್ಬೇಕಂತೆ, ಅದು ನಂಗೆ ಬರಲ್ಲ" ಅಂದರು.

ರಜ ಹಾಕಿದೆ.